ಹಾರ್ಡ್ ಬೂಟಿನ ಸ್ನೋಬೋರ್ಡ್: ತಿರುಗಿಸಬೇಡಿ, ಓರೆ ಮಾಡಿ ಕಾಯಿರಿ

ಪ್ರಶ್ನೆ: ನಾನು ಕಾಪುವಿನವನು, ಮಣಿಪಾಲದಲ್ಲಿ ಎಂಜಿನಿಯರ್ ಆಗಿದ್ದೇನೆ. ಮೂಲ್ಕಿ ಮತ್ತು ಸಸಿಹಿತ್ಲಿನ ಕಡಲಿನಲ್ಲಿ ಹಲವು ವರ್ಷಗಳಿಂದ ಸರ್ಫಿಂಗ್ ಮಾಡುತ್ತಿದ್ದೇನೆ. ಗುಲ್ಮಾರ್ಗ್‌ನಲ್ಲಿ ಸಾಮಾನ್ಯ ಮೆತ್ತನೆಯ ಬೂಟಿನ ಸ್ನೋಬೋರ್ಡ್ ಕಲಿತಿದ್ದು, ಮಧ್ಯಮ ಇಳಿಜಾರುಗಳಲ್ಲಿ ಬೀಳದೆ ಇಳಿಯಬಲ್ಲೆ. ಕಳೆದ ಚಳಿಗಾಲದಲ್ಲಿ ಆಸ್ಟ್ರಿಯಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಭಾವನ ಗೆಳೆಯರೊಬ್ಬರ ಹಾರ್ಡ್ ಬೂಟ್ ಮತ್ತು 178 ಸೆಂ.ಮೀ. ಉದ್ದದ ರೇಸ್ ಬೋರ್ಡ್ ತೊಟ್ಟು ಒಂದು ದಿನ ಪ್ರಯತ್ನಿಸಿದೆ. ಕಾಲ್ಬೆರಳ ಬದಿಯ ತಿರುವು ಹೇಗೋ ಬಂತು. ಹಿಮ್ಮಡಿ ಬದಿಯಲ್ಲಿ ಮಾತ್ರ ಬೋರ್ಡ್ ದಡದಡನೆ ಅದುರಿ ಜಾರಿಹೋಗುತ್ತಿತ್ತು. ಬರುವ ಜನವರಿಯಲ್ಲಿ ಎರಡು ವಾರ ಅಲ್ಲಿರುತ್ತೇನೆ. ಆ ಬೋರ್ಡನ್ನೇ ಕೊಳ್ಳಬಹುದೇ? ಬೂಟನ್ನು ಹೇಗೆ ಆರಿಸಲಿ? ಹಿಮ್ಮಡಿ ಬದಿಯ ತೊಂದರೆಗೆ ಕಾರಣವೇನು? ಸರ್ಫಿಂಗ್ ಅನುಭವ ನೆರವಾದೀತೇ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಸರ್ಫ್ ಬೋರ್ಡಿನಲ್ಲಿ ತಿರುವು ಹುಟ್ಟುವುದು ಹಿಂದಿನ ಕಾಲಿನಿಂದ. ರೆಕ್ಕೆಗಳಿರುವ ಹಿಂಭಾಗದ ಮೇಲೆ ಭಾರ ಹಾಕಿ, ಭುಜ ಮತ್ತು ಸೊಂಟವನ್ನು ತಿರುಚಿ, ಮುಂಭಾಗವನ್ನು ಬೇಕಾದ ಕಡೆಗೆ ಒಯ್ಯುತ್ತೀರಿ. ಮೆತ್ತನೆಯ ಬೂಟಿನ ಸ್ನೋಬೋರ್ಡಿನಲ್ಲೂ ಆರಂಭದಲ್ಲಿ ಎಲ್ಲರೂ ಹಿಂದಿನ ಕಾಲನ್ನು ಅತ್ತಿತ್ತ ಒದ್ದೇ ತಿರುಗುತ್ತಾರೆ, ಅದು ನಡೆದೂ ಹೋಗುತ್ತದೆ. ಹಾರ್ಡ್ ಬೂಟ್ ತೊಟ್ಟು ಓಡಿಸುವ ಕಿರಿದಾದ ಆಲ್ಪೈನ್ ಬೋರ್ಡಿನಲ್ಲಿ ಇದೇ ಅಭ್ಯಾಸ ಮುಳುವಾಗುತ್ತದೆ. ಹಿಂದಿನ ಕಾಲಿನ ಮೇಲೆ ಭಾರ ಬಿದ್ದ ಕ್ಷಣ ಮುಂದಿನ ಅರ್ಧದ ಅಂಚು ಹಿಮವನ್ನು ಕಚ್ಚುವುದನ್ನು ಬಿಡುತ್ತದೆ. ಮುಂದೆ ದಾರಿ ಕೊರೆಯುವ ಅಂಚೇ ಇಲ್ಲದಾಗ ಹಿಂದಿನ ಅರ್ಧ ಕಚ್ಚುವುದು, ಬಿಡುವುದು, ಮತ್ತೆ ಕಚ್ಚುವುದು ಹೀಗೆ ಅದುರತೊಡಗುತ್ತದೆ. ನೀವು ಕೇಳಿದ ದಡದಡ ಸದ್ದು ಅದೇ. ಸರ್ಫಿಂಗ್ ನಿಮಗೆ ಬಾಗಿದ ಮೊಣಕಾಲು, ಮುಂದೆ ನೋಡುವ ಕಣ್ಣು, ಕಾಲಡಿಯ ಮೇಲ್ಮೈ ಬದಲಾದಾಗ ಗಾಬರಿಯಾಗದ ದೇಹ, ಈ ಮೂರನ್ನೂ ಕೊಟ್ಟಿದೆ ಮತ್ತು ಇವು ಸಣ್ಣ ಆಸ್ತಿಯಲ್ಲ. ಹಿಂದಿನ ಕಾಲಿನ ಚಾಳಿಯೊಂದನ್ನು ಮಾತ್ರ ಹಿಮದ ಮೇಲೆ ಪೂರ್ತಿಯಾಗಿ ಬಿಟ್ಟುಬಿಡಬೇಕು.

ಕಾರ್ವಿಂಗ್ ಎಂದರೆ ಬೋರ್ಡನ್ನು ತಿರುಗಿಸುವುದಲ್ಲ, ಅಂಚಿನ ಮೇಲೆ ಓರೆಯಾಗಿ ನಿಲ್ಲಿಸುವುದು. ಬೋರ್ಡಿನ ಎರಡೂ ಪಕ್ಕಗಳು ನಡುವಿನಲ್ಲಿ ಒಳಕ್ಕೆ ಬಾಗಿರುತ್ತವೆ. ಈ ಬಾಗಿಗೆ ಸೈಡ್‌ಕಟ್ ಎನ್ನುತ್ತಾರೆ ಮತ್ತು ಅದು ಯಾವ ವೃತ್ತದ ತುಣುಕೋ ಆ ವೃತ್ತದ ತ್ರಿಜ್ಯವನ್ನು ಮೀಟರಿನಲ್ಲಿ ಬರೆದಿರುತ್ತಾರೆ. ಬೋರ್ಡನ್ನು ಓರೆ ಮಾಡಿ ಭಾರ ಹಾಕಿದಾಗ ನಡುಭಾಗ ಹಿಮಕ್ಕೆ ಒತ್ತಿಕೊಂಡು ಇಡೀ ಬೋರ್ಡ್ ಬಿಲ್ಲಿನಂತೆ ಬಾಗುತ್ತದೆ, ಅಂಚು ಆ ಬಾಗಿನ ಹಾದಿಯಲ್ಲೇ ಸಾಗುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ತಿರುವು ಕಿರಿದಾಗುತ್ತದೆ. ಹೀಗಿರುವಾಗ ಸವಾರನ ಕೆಲಸ ಓರೆ ಮಾಡುವುದು, ಅಂಚಿನ ಮೇಲೆ ಸಮತೋಲದಲ್ಲಿರುವುದು, ತಿರುವು ಮುಗಿಯುವವರೆಗೆ ಕಾಯುವುದು, ಇಷ್ಟೇ. ಕೇಳಲು ಸುಲಭವಾದ ಈ ಕಾಯುವ ಕೆಲಸವೇ ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಎಂಬುದನ್ನು ಕಲಿಸುವಾಗ ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು 178ರ ರೇಸ್ ಬೋರ್ಡ್. ದಯವಿಟ್ಟು ಅದನ್ನು ಕೊಳ್ಳಬೇಡಿ. ನೀವು ಎಂಜಿನಿಯರ್ ಆಗಿರುವುದರಿಂದ ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ. ಹಿಮವನ್ನು ಸಮತಟ್ಟು ಎಂದುಕೊಂಡು, ದೇಹವೂ ಬೋರ್ಡೂ ಒಂದೇ ಕೋನದಲ್ಲಿ ಓರೆಯಾಗಿವೆ ಎಂದು ಇಟ್ಟುಕೊಂಡರೆ, ಓರೆಯಾದ ಬೋರ್ಡಿನ ತಿರುವಿನ ತ್ರಿಜ್ಯ ಸೈಡ್‌ಕಟ್ ತ್ರಿಜ್ಯವನ್ನು ಓರೆ ಕೋನದ ಕೊಸೈನ್‌ನಿಂದ ಗುಣಿಸಿದಷ್ಟಾಗುತ್ತದೆ. ಆ ತಿರುವಿನಲ್ಲಿ ಬೀಳದೆ ನಿಲ್ಲಲು ಬೇಕಾದ ವೇಗವನ್ನು ಸೇರಿಸಿದಾಗ ಸಿಗುವ ಫಲಿತಾಂಶ ಸರಳವಾಗಿದೆ: ಓರೆ ಕೋನದ ಸೈನ್ ಎಂದರೆ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷ ಮತ್ತು ಸೈಡ್‌ಕಟ್ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿದ್ದು. 45 ಡಿಗ್ರಿ ಓರೆಯಾಗಲು 10 ಮೀಟರ್ ತ್ರಿಜ್ಯದ ಬೋರ್ಡಿಗೆ ಗಂಟೆಗೆ ಸುಮಾರು 30 ಕಿ.ಮೀ. ವೇಗ ಸಾಕು, 12 ಮೀಟರಿನದಕ್ಕೆ ಸುಮಾರು 33, 18 ಮೀಟರಿನ ರೇಸ್ ಬೋರ್ಡಿಗೆ ಸುಮಾರು 40 ಬೇಕು. ನಿಜವಾದ ಇಳಿಜಾರಿನಲ್ಲಿ ಈ ಅಂಕಿಗಳು ಹಿಂದೆ ಮುಂದೆ ಆಗುತ್ತವೆ, ಆದರೆ ಅನುಪಾತ ಬದಲಾಗುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕನ್ನು ಓರೆ ಮಾಡಿದರೂ ಬೀಳದಿರುವುದು ವೇಗವಿದ್ದರೆ ಮಾತ್ರ. ನಿಂತ ಬೈಕನ್ನು ಅಷ್ಟೇ ಓರೆ ಮಾಡಿದರೆ ಅದು ಮಗುಚಿಕೊಳ್ಳುತ್ತದೆ. ರೇಸ್ ಬೋರ್ಡಿನ ಮೇಲೆ ನಿಮಗೆ ಆದದ್ದೂ ಇದೇ: ಹೆದರಿಕೆಯಿಲ್ಲದ ವೇಗದಲ್ಲಿ ಅದು ಓರೆಯಾಗಲು ಒಪ್ಪುವುದಿಲ್ಲ, ಅದು ಒಪ್ಪುವ ವೇಗದಲ್ಲಿ ಕಲಿಯುವ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ.

ನಿಮಗೆ ಬೇಕಾದದ್ದು 160ರಿಂದ 168 ಸೆಂ.ಮೀ. ಉದ್ದದ, 10ರಿಂದ 12 ಮೀಟರ್ ತ್ರಿಜ್ಯದ, ನಡುವಿನಲ್ಲಿ 19ರಿಂದ 21 ಸೆಂ.ಮೀ. ಅಗಲದ, ಮಧ್ಯಮ ಬಿಗಿತದ ಬೋರ್ಡ್. ಹಳೆಯದಾದರೂ ಚಿಂತೆಯಿಲ್ಲ, ಅಂಚಿನ ಉಕ್ಕು ಸವೆದು ತೆಳ್ಳಗಾಗಿರಬಾರದು ಮತ್ತು ಬೋರ್ಡನ್ನು ಸಮತಟ್ಟಾದ ನೆಲದ ಮೇಲಿಟ್ಟಾಗ ನಡುಭಾಗ ಸ್ವಲ್ಪವಾದರೂ ಮೇಲಕ್ಕೆ ಎದ್ದಿರಬೇಕು. ಬೋರ್ಡಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಯೋಚಿಸುವ ಅಗತ್ಯ ಮೊದಲ ಚಳಿಗಾಲದಲ್ಲಿ ಇಲ್ಲ.

ಬೂಟಿನ ವಿಷಯ ಹಾಗಲ್ಲ. ಕೈಯಲ್ಲಿರುವ ಹಣದ ದೊಡ್ಡ ಪಾಲು, ಸಮಯದ ಅದಕ್ಕಿಂತಲೂ ದೊಡ್ಡ ಪಾಲು ಬೂಟಿಗೆ ಹೋಗಲಿ. ಹಾರ್ಡ್ ಬೂಟಿನ ಗಟ್ಟಿ ಪ್ಲಾಸ್ಟಿಕ್ ಕವಚದಿಂದಾಗಿ ಮೊಣಕಾಲಿನ ಒಂದೆರಡು ಅಂಗುಲದ ಚಲನೆ ನೇರವಾಗಿ ಅಂಚಿಗೆ ತಲುಪುತ್ತದೆ. ಒಳಗೆ ಪಾದ ಅಲುಗಾಡುತ್ತಿದ್ದರೆ ಆ ಚಲನೆ ಬೂಟಿನೊಳಗೇ ಕರಗಿಹೋಗುತ್ತದೆ. ಅಳತೆಯನ್ನು ಸೆಂಟಿಮೀಟರಿನಲ್ಲಿ ಕೊಡುತ್ತಾರೆ, ಎಂದರೆ 27 ಎಂದು ಬರೆದಿದ್ದರೆ 27 ಸೆಂ.ಮೀ. ಉದ್ದದ ಪಾದಕ್ಕೆ ಎಂದರ್ಥ. ಅಷ್ಟಕ್ಕೇ ನಂಬಬೇಡಿ. ಒಳಗಿನ ಮೆತ್ತನೆಯ ಲೈನರನ್ನು ಹೊರತೆಗೆದು, ಬರಿಯ ಕವಚದೊಳಗೆ ಪಾದವಿಟ್ಟು, ಬೆರಳುಗಳು ಮುಂದಿನ ಗೋಡೆಯನ್ನು ಸೋಕುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತೆಂದು ನೋಡಿ. ಒಂದರಿಂದ ಒಂದೂವರೆ ಸೆಂ.ಮೀ. ಇದ್ದರೆ ಸರಿ, ಮೂರು ಬೆರಳು ಹಿಡಿಸಿದರೆ ಆ ಬೂಟ್ ಎಷ್ಟೇ ಅಗ್ಗವಾದರೂ ಬೇಡ. ಆಮೇಲೆ ಲೈನರ್ ಹಾಕಿ ಬಕಲ್ ಬಿಗಿದು ಮೊಣಕಾಲು ಬಾಗಿಸಿದಾಗ ಹಿಮ್ಮಡಿ ಮೇಲೇಳಬಾರದು.

ಕರಾವಳಿಯ ನಮ್ಮ ಪಾದಗಳ ಬಗ್ಗೆ ಒಂದು ಮಾತು. ಚಿಕ್ಕಂದಿನಿಂದ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದ ಬೆರಳುಗಳ ಬುಡದಲ್ಲಿ ಹರಡಿಕೊಂಡಿರುವುದು ಸಾಮಾನ್ಯ. ಅಗಲ ಹಿಡಿಸಲಿಲ್ಲವೆಂದು ಉದ್ದ ಹೆಚ್ಚಿನ ಬೂಟ್ ಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ, ಮತ್ತು ಹಿಮ್ಮಡಿ ಬದಿಯ ತಿರುವಿನ ಅರ್ಧ ತೊಂದರೆ ಅಲ್ಲಿಂದಲೇ ಬರುತ್ತದೆ. ಸರಿಯಾದ ಉದ್ದದ ಬೂಟನ್ನೇ ಕೊಂಡು, ಬಿಗಿಯಾದ ಜಾಗದಲ್ಲಿ ಕವಚವನ್ನು ಬಿಸಿಮಾಡಿ ಹಿಗ್ಗಿಸಿಕೊಳ್ಳಿ. ಆಲ್ಪ್ಸ್ ಪ್ರದೇಶದ ಸ್ಕೀ ಊರುಗಳಲ್ಲಿ ಈ ಕೆಲಸ ಮಾಡಿಕೊಡುವ ಬೂಟ್ ಅಂಗಡಿಗಳು ಹೇರಳವಾಗಿವೆ; ಬಿಸಿ ಮಾಡಿದರೆ ಪಾದದ ಆಕಾರಕ್ಕೆ ಕೂರುವ ಲೈನರ್‌ಗಳೂ ದೊರೆಯುತ್ತವೆ. ಸಾಮಾನ್ಯ ಸ್ಕೀ ಬೂಟ್ ಕೂಡ ಪ್ಲೇಟ್ ಬೈಂಡಿಂಗಿನ, ಎಂದರೆ ಹಾರ್ಡ್ ಬೂಟನ್ನು ಬೋರ್ಡಿಗೆ ಬಿಗಿಯುವ ಸಾಧನದ, ಸರಳಿಗೆ ಕೂರುತ್ತದೆಂದು ಯಾರಾದರೂ ಹೇಳಬಹುದು. ಕೂರುವುದು ನಿಜ, ಆದರೆ ಅದು ಪಕ್ಕಕ್ಕೆ ಒಂದಿಷ್ಟೂ ಮಣಿಯದೆ ಮುಂದಕ್ಕೂ ಬಿರುಸಾಗಿರುವುದರಿಂದ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಸೆಕೆಂಡ್‌ಹ್ಯಾಂಡ್ ಬೂಟ್ ಆದರೆ ಕವಚದಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು, ಮುಖ್ಯವಾಗಿ ಪಾದದ ಕೀಲಿನ ತಿರುಪುಗಳ ಸುತ್ತ ಮತ್ತು ಅಡಿಯ ಮುಂದಿನ ತುದಿಯಲ್ಲಿ, ಬೆಳಕಿಗೆ ಹಿಡಿದು ನೋಡಿ. ವೇಗದಲ್ಲಿರುವಾಗ ಕವಚ ಒಡೆಯುವುದು ಕೆಟ್ಟ ಅಪಘಾತ.

ಬೈಂಡಿಂಗ್ ಜೋಡಣೆಯನ್ನು ಮೊದಲ ದಿನವೇ ಸರಿಯಾಗಿ ಮಾಡಿಕೊಂಡರೆ ಆಮೇಲೆ ಅದರ ಗೊಡವೆಯಿಲ್ಲ. ಪಾದ ಬೋರ್ಡಿನ ಅಡ್ಡಗೆರೆಯಿಂದ ಮುಂದಕ್ಕೆ ಎಷ್ಟು ತಿರುಗಿರಬೇಕೆಂಬ ಕೋನವನ್ನು ಯಾರೋ ಹೇಳಿದ ಅಂಕಿಯಿಂದ ಆರಿಸಬೇಡಿ, ನಿಮ್ಮ ಬೂಟಿನ ಉದ್ದ ಮತ್ತು ಬೋರ್ಡಿನ ಅಗಲವೇ ಅದನ್ನು ನಿರ್ಧರಿಸಲಿ. ಬೂಟ್ ಸಿಕ್ಕಿಸಿದ ಬೋರ್ಡನ್ನು ಮಗುಚಿ ಹಿಡಿದು ಕೆಳಗಿನಿಂದ ನೋಡಿದಾಗ ಬೂಟಿನ ತುದಿಯಾಗಲಿ ಹಿಮ್ಮಡಿಯಾಗಲಿ ಅಂಚಿನಿಂದ ಹೊರಗೆ ಕಾಣಬಾರದು, ಅಂಚಿನ ಸಮಕ್ಕೆ ಬಂದು ನಿಂತಿರಬೇಕು. ಹೊರಗೆ ಚಾಚಿದ ಬೂಟ್ ಓರೆಯಾದಾಗ ಹಿಮಕ್ಕೆ ತಾಗಿ ಅಂಚನ್ನೇ ಎತ್ತಿಬಿಡುತ್ತದೆ. ಅಗತ್ಯಕ್ಕಿಂತ ಹೆಚ್ಚು ಮುಂದಕ್ಕೆ ತಿರುಗಿಸಿದರೆ ಅಂಚನ್ನು ಒತ್ತುವ ಹಿಡಿತ ಕಡಿಮೆಯಾಗುತ್ತದೆ. ನಾನು ಹೇಳಿದ ಅಗಲದ ಬೋರ್ಡಿನಲ್ಲಿ ಇದು ಸಾಮಾನ್ಯವಾಗಿ ಮುಂದಿನ ಕಾಲಿಗೆ 55 ಡಿಗ್ರಿ, ಹಿಂದಿನದಕ್ಕೆ 50ರಿಂದ 52 ಡಿಗ್ರಿಯ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಮುಂದಿನ ಪಾದದ ಬೆರಳ ಕಡೆ ಮತ್ತು ಹಿಂದಿನ ಪಾದದ ಹಿಮ್ಮಡಿ ಕಡೆ ಸ್ವಲ್ಪ ಎತ್ತರಿಸುವ ಬೆಣೆಗಳನ್ನು ಹಾಕಿ, ಹಿಂದಿನ ಬೂಟಿನ ಕಾಲರನ್ನು ಮುಂದಿನದಕ್ಕಿಂತ ಹೆಚ್ಚು ಮುಂದಕ್ಕೆ ವಾಲಿಸಿ ಇಟ್ಟರೆ ಮೊಣಕಾಲುಗಳು ಸಲೀಸಾಗಿ ಬಾಗುತ್ತವೆ. ಬಿದ್ದಾಗ ಸ್ಕೀಯ ಬೈಂಡಿಂಗ್ ಕಳಚಿಕೊಳ್ಳುತ್ತದೆ, ಈ ಬೈಂಡಿಂಗ್ ಕಳಚಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ಈಗ ಅಭ್ಯಾಸ. ಲಿಫ್ಟ್ ತೆರೆಯುವ ಹೊತ್ತಿಗೇ ಇಳಿಜಾರಿನಲ್ಲಿರಿ. ರಾತ್ರಿ ಯಂತ್ರ ಓಡಿಸಿ ಹದಗೊಳಿಸಿದ ಹಿಮ ಬೆಳಿಗ್ಗೆ ಸಣ್ಣ ಸಣ್ಣ ಸಾಲುಗಳಾಗಿ ಬಿಗಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಕೆದರಿ ದಿಬ್ಬಗಳಾಗುತ್ತದೆ. ಯುರೋಪಿನಲ್ಲಿ ನೀಲಿ ಬಣ್ಣದ ಫಲಕವಿರುವ ಇಳಿಜಾರು ಸುಲಭದ್ದು, ಕೆಂಪು ಮಧ್ಯಮ, ಕಪ್ಪು ಕಠಿಣ. ಮೊದಲ ವಾರ ಪೂರ್ತಿ ನೀಲಿಯಲ್ಲೇ ಇರಿ, ಬೇಸರವಾದರೂ ಇರಿ. ಇಳಿಜಾರಿಗೆ ಅಡ್ಡವಾಗಿ ನಿಧಾನವಾಗಿ ಹೊರಟು, ಬೆಟ್ಟದ ಕಡೆಯ ಅಂಚಿನ ಮೇಲೆ ಮೆಲ್ಲನೆ ಓರೆಯಾಗಿ, ಬೇರೇನನ್ನೂ ಮಾಡದೆ ನಿಂತುಬಿಡಿ. ಬೋರ್ಡ್ ತಾನಾಗಿಯೇ ಬಾಗಿ, ಮೇಲ್ಮುಖವಾಗಿ ತಿರುಗಿ, ವೇಗ ಕಳೆದುಕೊಂಡು ನಿಲ್ಲುತ್ತದೆ. ಆಗ ಬೈಂಡಿಂಗ್ ಬಿಚ್ಚಿ, ಹಿಂದಕ್ಕೆ ನಡೆದು ನಿಮ್ಮ ಜಾಡನ್ನು ನೋಡಿ.

ಜಾಡು ಓದುವುದನ್ನು ಕಲಿತವರಿಗೆ ಅರ್ಧ ವಿದ್ಯೆ ಬಂದಂತೆ, ಏಕೆಂದರೆ ಇಳಿಯುವಾಗ ದೇಹಕ್ಕೆ ಅನ್ನಿಸುವುದು ಬಹಳ ಸಲ ನಿಜವಲ್ಲ, ಹಿಮದ ಮೇಲಿನ ಗೆರೆ ಮಾತ್ರ ನಿಜ. ಶುದ್ಧವಾದ ಕಾರ್ವಿಂಗಿನ ಗುರುತು ಪೆನ್ಸಿಲಿನಿಂದ ಎಳೆದಂತೆ ಒಂದೇ ಕಿರಿದಾದ ಸೀಳು: ಒಂದು ಪಕ್ಕ ಚೂಪಾಗಿ, ಯಂತ್ರದ ಸಾಲುಗಳನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ಸೀಳಿನ ಆಚೀಚೆ ಆ ಸಾಲುಗಳು ಕೆಡದೆ ಹಾಗೆಯೇ ಇರುತ್ತವೆ. ಆರಂಭದಲ್ಲಿ ಅಂಗೈ ಅಗಲಕ್ಕೆ ಕೆರೆದು ಆಮೇಲೆ ಸೀಳಾಗಿದ್ದರೆ ನೀವು ಬೋರ್ಡನ್ನು ಮೊದಲು ತಿರುಚಿ ನಂತರ ಓರೆ ಮಾಡಿದ್ದೀರಿ. ಆರಂಭ ಚೆನ್ನಾಗಿದ್ದು ಕೊನೆಯಲ್ಲಿ ಬೀಸಣಿಗೆಯಂತೆ ಹರಡಿದ್ದರೆ ಭಾರ ಹಿಂದಿನ ಕಾಲಿಗೆ ಜಾರಿದೆ. ಅಡ್ಡಡ್ಡ ಗೀರುಗಳ ಸಾಲೇ ಇದ್ದರೆ ಅದು ಬೋರ್ಡ್ ಅದುರಿದ ಗುರುತು. ಎರಡೂ ಬದಿಯಲ್ಲಿ ಒಂದೇ ಸೀಳು ಬರುವವರೆಗೆ ತಿರುವುಗಳನ್ನು ಜೋಡಿಸಲು ಹೋಗಬೇಡಿ. ಬರತೊಡಗಿದ ಮೇಲೆ ಪ್ರತಿ ಸಲ ಹೊರಡುವ ದಿಕ್ಕನ್ನು ಇಳಿಜಾರಿನ ನೇರಕ್ಕೆ ಸ್ವಲ್ಪ ಸ್ವಲ್ಪವೇ ಹೊರಳಿಸಿ, ಕೊನೆಗೆ ನೇರ ಕೆಳಮುಖವಾಗಿ ಹೊರಟು ಅಡ್ಡವಾಗಿ ನಿಲ್ಲುವಷ್ಟು ದೊಡ್ಡ ತಿರುವು ಮಾಡಿ.

ಹಿಮ್ಮಡಿ ಬದಿಯಲ್ಲಿ ಜಾರಲು ಹಿಂದಿನ ಕಾಲಿನ ಭಾರದ ಜೊತೆಗೆ ಇನ್ನೊಂದು ಕಾರಣವಿದೆ, ಅದು ಕುಳಿತುಕೊಳ್ಳುವ ಭಂಗಿ. ಹಿಂದಕ್ಕೆ ವಾಲಿದಾಗ ದೇಹ ಹೆದರಿ, ಕಾಲುಗಳನ್ನು ನೆಟ್ಟಗೆ ಮಾಡಿ, ಪೃಷ್ಠವನ್ನು ಮಾತ್ರ ಹಿಮದ ಕಡೆಗೆ ಇಳಿಸಿ, ಸಮತೋಲಕ್ಕೆಂದು ಎದೆಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಆಗ ಅಂಚಿನ ಮೇಲೆ ಭಾರ ನಿಲ್ಲುವುದಿಲ್ಲ, ಕಾಲುಗಳು ನೆಟ್ಟಗಿರುವುದರಿಂದ ಹಿಮದ ಸಣ್ಣ ಏರುತಗ್ಗುಗಳನ್ನು ಹೀರಿಕೊಳ್ಳುವ ಸ್ಪ್ರಿಂಗ್ ಕೂಡ ಇರುವುದಿಲ್ಲ. ಇದನ್ನು ಸರಿಪಡಿಸಲು ಸೊಂಟದಿಂದ ಆರಂಭಿಸಿ. ನೀವು ಎಡಗಾಲು ಮುಂದಿಡುವವರೆಂದು ಇಟ್ಟುಕೊಂಡರೆ ಹಿಮ್ಮಡಿ ಬದಿಯ ತಿರುವು ಎಡಕ್ಕೆ. ತಿರುವಿಗೆ ಮೊದಲೇ ಸೊಂಟ ಮತ್ತು ಎದೆಯನ್ನು ಬೋರ್ಡಿನ ಮೂತಿಯ ಕಡೆಗೆ, ಅಲ್ಲಿಂದ ಇನ್ನೂ ಸ್ವಲ್ಪ ಎಡಕ್ಕೆ ಹೊರಳಿಸಿ. ಕಣ್ಣು ತಿರುವು ಮುಗಿಯುವ ಜಾಗದ ಮೇಲಿರಲಿ. ಹಿಂದೆ ಉಳಿಯುವ ಬಲಗೈಯನ್ನು ಮುಂದಕ್ಕೆ ತಂದು ಮುಂದಿನ ಬೂಟಿನ ಕಾಲರನ್ನು ಮುಟ್ಟಲು ಹೊರಟಂತೆ ಕೆಳಕ್ಕೆ ಚಾಚಿ. ಹಿಂದಿನ ಮೊಣಕಾಲನ್ನು ಮುಂದಿನ ಮೊಣಕಾಲಿನ ಕಡೆಗೆ ಒತ್ತಿ ಎರಡನ್ನೂ ಎಡಕ್ಕೆ ವಾಲಿಸಿ. ಈಗ ಮುಂದಿನ ಬೂಟಿನ ನಾಲಗೆ ಕಣಕಾಲಿನ ಮುಂಭಾಗಕ್ಕೆ ಒತ್ತುವುದು ಅನುಭವಕ್ಕೆ ಬರಬೇಕು. ಆ ಒತ್ತಡ ಸಿಕ್ಕಿದರೆ ಮುಂದಿನ ಅಂಚು ಕಚ್ಚಿದೆ ಎಂದೇ ತಿಳಿಯಿರಿ; ಸಿಗದಿದ್ದರೆ ಇನ್ನೂ ಕುಳಿತೇ ಇದ್ದೀರಿ.

ಕಾಲ್ಬೆರಳ ಬದಿಯ ತಿರುವು ಹೇಗೋ ಬಂತು ಎಂದಿದ್ದೀರಿ. ಅಲ್ಲಿಯೂ ಜಾಡನ್ನು ನೋಡಿಕೊಳ್ಳಿ, ಏಕೆಂದರೆ ಆ ಬದಿಯಲ್ಲಿ ಜಾರಿದರೂ ಅದುರುವುದು ಕಡಿಮೆಯಾದ್ದರಿಂದ ಬಂದಂತೆ ಅನ್ನಿಸುತ್ತದೆ. ಸಾಮಾನ್ಯ ದೋಷವೆಂದರೆ ಒಳಗಿನ ಕೈಯನ್ನು ಹಿಮಕ್ಕೆ ತಾಗಿಸಲು ಸೊಂಟದಿಂದ ಬಗ್ಗುವುದು. ವಿಡಿಯೋಗಳಲ್ಲಿ ಇಡೀ ಮೈಯನ್ನೇ ಹಿಮದ ಮೇಲೆ ಮಲಗಿಸಿ ತಿರುಗುವವರನ್ನು ನೋಡಿರುತ್ತೀರಿ. ಸ್ವಿಟ್ಜರ್ಲೆಂಡಿನ ಜಿನಾಲ್ ಎಂಬಲ್ಲಿ ಬೆಳೆದ ಆ ಶೈಲಿ ನೋಡಲು ಮನೋಹರ, ಆದರೆ ಅವರ ಕೈ ಹಿಮಕ್ಕೆ ತಾಗುವುದು ಬೋರ್ಡ್ ಅಷ್ಟು ಓರೆಯಾಗಿರುವುದರ ಫಲವೇ ಹೊರತು ಕಾರಣವಲ್ಲ. ನಿಮ್ಮ ಮೊಣಕಾಲುಗಳು ಹಿಮದ ಕಡೆಗೆ ಹೋಗಲಿ, ಭುಜಗಳು ಇಳಿಜಾರಿಗೆ ಸಮಾನಾಂತರವಾಗಿ ಉಳಿಯಲಿ. ಹಾಗೆಯೇ ರೇಸ್ ವಿಡಿಯೋಗಳು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ಕೀಯ ಸೂಪರ್ ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದ ಚೆಕ್ ಗಣರಾಜ್ಯದ ಎಸ್ಟರ್ ಲೆಡೆಟ್ಸ್ಕಾ ಅವರ ಓಟಗಳನ್ನು ನಿಧಾನಗತಿಯಲ್ಲಿ ನೋಡಿ, ಸೊಂಟ ಎಷ್ಟು ಸ್ಥಿರವಾಗಿದೆ ಎಂಬುದನ್ನಷ್ಟೇ ಅವರಿಂದ ಎತ್ತಿಕೊಳ್ಳಿ. ರೇಸಿನ ಹಾದಿಯಲ್ಲಿ ನೆಟ್ಟ ದ್ವಾರಗಳ ನಡುವೆ ಕ್ಷಣಗಳನ್ನು ಉಳಿಸಲು ಅವರು ಮಾಡುವ ಉಳಿದದ್ದು ಸದ್ಯಕ್ಕೆ ನಿಮಗೆ ಬೇಡ.

ತಿರುವುಗಳನ್ನು ಜೋಡಿಸುವಾಗ ಹೊಸ ಅಂಚಿಗೆ ಹೋಗಬೇಕಾದದ್ದು ಬೋರ್ಡ್ ಇನ್ನೂ ಇಳಿಜಾರಿಗೆ ಅಡ್ಡವಾಗಿರುವಾಗಲೇ. ಎಂದರೆ ಕಣಿವೆಯ ಕಡೆಗಿರುವ ಅಂಚಿನ ಮೇಲೆ ನಂಬಿಕೆಯಿಟ್ಟು ಓರೆಯಾಗಬೇಕು, ಸಾಮಾನ್ಯ ಸ್ನೋಬೋರ್ಡಿನಲ್ಲಿ ಮುಗ್ಗರಿಸಿ ಬೀಳಿಸುವ ಅಂಚು ಅದೇ ಆದ್ದರಿಂದ ಮನಸ್ಸು ಹಿಂಜರಿಯುತ್ತದೆ. ಹಳೆಯ ತಿರುವಿನ ಕೊನೆಯಲ್ಲಿ ಮೊಣಕಾಲುಗಳನ್ನು ಸಡಿಲಿಸಿ, ಬೋರ್ಡನ್ನು ಒಂದು ಕ್ಷಣ ಚಪ್ಪಟೆಯಾಗಿ ಓಡಲು ಬಿಟ್ಟು, ಭಾರವನ್ನು ಮುಂದಿನ ಕಾಲಿನ ಕಡೆಗೆ ತಂದು, ಮೊಣಕಾಲುಗಳನ್ನು ಹೊಸ ಬದಿಗೆ ಹೊರಳಿಸಿ. ಆಮೇಲೆ ಒಂದು, ಎರಡು ಎಂದು ಎಣಿಸುತ್ತಾ ಕಾಯಿರಿ. ಬೋರ್ಡ್ ಕೆಳಮುಖವಾಗಿ ವೇಗ ಹೆಚ್ಚಿಸಿಕೊಳ್ಳುವ ಆ ಕ್ಷಣದಲ್ಲೇ ಎಲ್ಲರೂ ಹಿಂದಿನ ಕಾಲನ್ನು ಒದೆಯುವುದು. ನಿಮ್ಮ ಸರ್ಫಿಂಗ್ ಕಾಲಿಗೆ ಅಲ್ಲಿ ದೊಡ್ಡ ಸೆಳೆತವಿರುತ್ತದೆ, ಒಪ್ಪಬೇಡಿ. ವೇಗವನ್ನು ತಗ್ಗಿಸುವ ಉಪಾಯ ಕೆರೆಯುವುದಲ್ಲ, ತಿರುವನ್ನು ಬೋರ್ಡ್ ಪೂರ್ತಿ ಅಡ್ಡವಾಗುವವರೆಗೆ, ಬೇಕಾದರೆ ತುಸು ಮೇಲ್ಮುಖವಾಗುವವರೆಗೆ ಮುಗಿಸುವುದು. ಹೆದರಿ ಅರ್ಧಕ್ಕೇ ಬಿಟ್ಟ ತಿರುವಿನಿಂದ ಮುಂದಿನದು ಇನ್ನೂ ವೇಗವಾಗುತ್ತದೆ.

ಸುರಕ್ಷತೆಯ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇನೆ: ಈ ಆಟದಲ್ಲಿ ದೊಡ್ಡ ಅಪಾಯ ಬೀಳುವುದಲ್ಲ, ಡಿಕ್ಕಿ. ಮೇಲಿನಿಂದ ಬರುವವರು ನೀವು ಕಿರಿದಾದ ಓಣಿಯಂಥ ಜಾಗದಲ್ಲಿ ಇಳಿಯುತ್ತೀರೆಂದು ಊಹಿಸಿರುತ್ತಾರೆ. ನೀವೋ ಇಳಿಜಾರಿನ ಈ ತುದಿಯಿಂದ ಆ ತುದಿಗೆ ಹೋಗಿ, ಕೊನೆಯಲ್ಲಿ ಮೇಲ್ಮುಖವಾಗಿಯೂ ತಿರುಗುತ್ತೀರಿ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಡವಳಿಕೆ ನಿಯಮಗಳ ಪ್ರಕಾರ ಮೇಲಿನಿಂದ ಬರುವವರು ಕೆಳಗಿನವರಿಗೆ ಅಪಾಯವಾಗದ ದಾರಿ ಹಿಡಿಯಬೇಕು, ನಿಜ. ಅದೇ ನಿಯಮಗಳು ಹೊರಡುವವರೂ ಮೇಲ್ಮುಖವಾಗಿ ತಿರುಗುವವರೂ ಮೇಲೆ ಕೆಳಗೆ ಎರಡೂ ಕಡೆ ನೋಡಬೇಕೆಂದೂ ಹೇಳುತ್ತವೆ. ಇಳಿಜಾರು ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತು ಕಾಯಿರಿ, ಸ್ವಲ್ಪ ದೂರ ಇಳಿದು ನಿಂತು ಮತ್ತೆ ಮೇಲೆ ನೋಡಿ. ಜನಸಂದಣಿಯಿದ್ದರೆ ಅಂದು ಕಾರ್ವಿಂಗ್ ಇಲ್ಲ. ಹೆಲ್ಮೆಟ್ ಕಡ್ಡಾಯ, ಬೆನ್ನಿಗೆ ರಕ್ಷಾಕವಚ ಇದ್ದರೆ ಒಳ್ಳೆಯದು, ಬೀಳುವಾಗ ಅಂಗೈ ಊರದೆ ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಿ.

ಊರಿಗೆ ಮರಳಿದ ಮೇಲೆ ಅಭ್ಯಾಸಕ್ಕೆ ಗುಲ್ಮಾರ್ಗ್ ಸಾಲದು. ಅದರ ಹೆಸರಿರುವುದು ಆಳವಾದ ಹೊಸ ಹಿಮಕ್ಕೆ, ಯಂತ್ರ ಓಡಿಸಿ ಹದಗೊಳಿಸಿದ ಇಳಿಜಾರು ಅಲ್ಲಿ ಕಡಿಮೆ. ಕಿರಿದಾದ ಆಲ್ಪೈನ್ ಬೋರ್ಡ್ ಆಳ ಹಿಮದಲ್ಲಿ ಹೂತುಹೋಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಿಮ್ಮ ನೆಂಟರೂ ದುಬೈಯಲ್ಲಿದ್ದರೆ, 2005ರಲ್ಲಿ ಆರಂಭವಾದ ಅಲ್ಲಿನ ಒಳಾಂಗಣ ಇಳಿಜಾರಾದ ಸ್ಕೀ ದುಬೈಯನ್ನು ಪರಿಗಣಿಸಿ. ಅತಿ ಉದ್ದದ ಓಟ 400 ಮೀಟರ್ ಮಾತ್ರ, ಆದರೆ ಒಂದೊಂದೇ ತಿರುವನ್ನು ಮಾಡಿ ನಿಲ್ಲುವ ಮೊದಲ ಪಾಠಗಳಿಗೆ ಅಷ್ಟು ಸಾಕು. ಹೋಗುವ ಮೊದಲು ನಿಮ್ಮದೇ ಹಾರ್ಡ್ ಬೂಟ್ ಮತ್ತು ಆಲ್ಪೈನ್ ಬೋರ್ಡ್ ಒಳಗೆ ತರಬಹುದೇ ಎಂದು ವಿಚಾರಿಸಿಕೊಳ್ಳಿ. ಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಏಳುವುದು, ಒಂಟಿ ಕಾಲಿನಲ್ಲಿ ಬಾಗುವುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವುದು, ಈ ಮೂರನ್ನು ಡಿಸೆಂಬರಿನವರೆಗೆ ಬಿಡದೆ ಮಾಡಿ.

ಸಾಮಾನುಗಳನ್ನು ಕರಾವಳಿಗೆ ತಂದಮೇಲೆ ಎರಡು ಶತ್ರುಗಳಿವೆ, ಉಪ್ಪುಗಾಳಿ ಮತ್ತು ಮಳೆಗಾಲದ ತೇವ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಉಡುಪಿಯಲ್ಲಿ ಹಾಗೆಯೇ ಬಿಟ್ಟ ಅಂಚು ಜೂನ್ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ, ಬೂಟಿನ ಪಾಲಿಯುರೆಥೇನ್ ತೇವ ಹೀರಿ ವರ್ಷಗಳಲ್ಲಿ ಒಳಗಿಂದೊಳಗೇ ಶಿಥಿಲವಾಗುತ್ತದೆ. ಬೋರ್ಡಿನಿಂದ ಬೈಂಡಿಂಗ್ ಬಿಚ್ಚಿ, ಅಡಿ ಮತ್ತು ಅಂಚುಗಳ ಮೇಲೆ ಮೇಣವನ್ನು ದಪ್ಪವಾಗಿ ಕರಗಿಸಿ ಹಚ್ಚಿ, ಕೆರೆಯದೆ ಹಾಗೆಯೇ ಬಿಡಿ. ಲೈನರನ್ನು ಹೊರತೆಗೆದು ಬೇರೆಯಾಗಿ ಒಣಗಿಸಿ, ಬಕಲ್‌ಗಳನ್ನು ಸಡಿಲವಾಗಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬೂಟನ್ನು ಕಪಾಟಿನ ಮೇಲಿನ ಅರೆಯಲ್ಲಿಡಿ. ಮಳೆಗಾಲ ಮುಗಿಯುವವರೆಗೆ ಆ ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಿ.